ಕಡಲುಬ್ಬರದ ಲೆಕ್ಕಾಚಾರ

ಚಂಡಮಾರುತವೆಂದೊಡನೆ ನಮ್ಮ ಕಣ್ಣೆದುರಿಗೆ ಬರುವುದು ಹಾರಿಹೋಗುವ ಹೆಂಚು, ಉರುಳಿಬೀಳುವ ಮರ. ಆದರೆ ಕರಾವಳಿಯಲ್ಲಿ ಹೆಚ್ಚು ಪ್ರಾಣಹಾನಿ ಮಾಡುವುದು ಗಾಳಿ ದಡಕ್ಕೆ ನೂಕಿ ತರುವ ನೀರು. 1970ರ ನವೆಂಬರಿನಲ್ಲಿ, ಇಂದಿನ ಬಾಂಗ್ಲಾದೇಶದ ತೀರದಲ್ಲಿ ಸುಮಾರು 3 ಲಕ್ಷ ಜನರು ಸತ್ತರು; ಅವರಲ್ಲಿ ಬಹುಮಂದಿ ಮುಳುಗಿದವರು. ನೀರು ಎಷ್ಟು ಏರೀತೆಂದು ಮುಂಚಿತವಾಗಿ ಹೇಳಲು ಸಾಧ್ಯವೇ?

ಸಾಧ್ಯವುಂಟು. ಮೊದಲು ನೀರೇರುವ ಕಾರಣವನ್ನು ನೋಡೋಣ. ಬಿರುಗಾಳಿಯ ನಡುವೆ ವಾಯುಭಾರ ಕಡಿಮೆ. ಅಲ್ಲಿ ಕಡಲು ಉಬ್ಬುತ್ತದೆ. ಆದರೆ ವಾಯುಭಾರ 50 ಮಿಲಿಬಾರ್ ಇಳಿದರೂ ನೀರೇರುವುದು ಅರ್ಧ ಮೀಟರ್ ಮಾತ್ರ. ದೊಡ್ಡ ಪಾಲು ಗಾಳಿಯದು. ಅದರ ವೇಗ ಇಮ್ಮಡಿಯಾದರೆ ನೀರಿನ ಮೇಲಿನ ಎಳೆತ ಸುಮಾರು ನಾಲ್ಮಡಿಯಾಗುತ್ತದೆ. ಗಂಟೆಗೆ 145 ಕಿಲೋಮೀಟರ್ ವೇಗದ ಗಾಳಿ 50 ಕಿಲೋಮೀಟರ್ ಉದ್ದಕ್ಕೆ ದಡದತ್ತ ಬೀಸುತ್ತಿದೆಯೆನ್ನಿ. ಕಡಲು 100 ಮೀಟರ್ ಆಳವಿದ್ದರೆ ದಡದಲ್ಲಿ ನೀರು ಸುಮಾರು 25 ಸೆಂಟಿಮೀಟರ್ ಏರುತ್ತದೆ. 10 ಮೀಟರ್ ಮಾತ್ರವಿದ್ದರೆ ಎರಡೂವರೆ ಮೀಟರ್! ಆಳದ ನೀರಿನಲ್ಲಿ ಹಂಚಿಹೋಗುವ ಬಲವೆಲ್ಲ ತೆಳುನೀರಿನಲ್ಲಿ ಸ್ವಲ್ಪ ನೀರಿನ ಮೇಲೆಯೇ ಬೀಳುವುದೇ ಇದಕ್ಕೆ ಕಾರಣ. ಬಂಗಾಳ ಕೊಲ್ಲಿಯ ಉತ್ತರದ ತುದಿ ಆಳವಿಲ್ಲದ್ದು, ಲಾಳಿಕೆಯಂತೆ ಕಿರಿದಾಗುತ್ತ ಹೋಗುವಂಥದು.

ಇನ್ನು ಲೆಕ್ಕದ ಬಗೆ. ಕಡಲನ್ನು ಚದುರಂಗದ ಹಾಸಿನಂತೆ ಚೌಕಗಳಾಗಿ ವಿಂಗಡಿಸುತ್ತಾರೆ. ಪ್ರತಿ ಚೌಕದೊಳಕ್ಕೆ ಬಂದ ನೀರೆಷ್ಟು, ಹೊರಕ್ಕೆ ಹೋದದ್ದೆಷ್ಟು ಎಂದು ಜಮಾಖರ್ಚು ಬರೆಯುತ್ತಾರೆ. ಗಾಳಿಯ ಎಳೆತ, ತಳದ ಘರ್ಷಣೆ, ಭೂಮಿಯ ಆವರ್ತನೆ ಎಲ್ಲವೂ ಆ ಲೆಕ್ಕಕ್ಕೆ ಸೇರುತ್ತವೆ. ಕ್ಷಣಕ್ಷಣಕ್ಕೂ ಇದನ್ನು ಮಾಡುತ್ತ ಹೋದರೆ ನೀರಿನ ಎತ್ತರವೂ ತೀರದ ಪ್ರವಾಹದ ದಿಕ್ಕು, ವೇಗಗಳೂ ದೊರೆಯುತ್ತವೆ. ಜರ್ಮನಿಯ ವಾಲ್ಟರ್ ಹಾನ್ಸೆನ್ 1956ರಲ್ಲಿಯೇ ಉತ್ತರ ಸಮುದ್ರಕ್ಕೆ ಇಂಥ ಗಣನೆ ಮಾಡಿದ್ದರು. ನಮ್ಮಲ್ಲಿ ದೆಹಲಿಯ ಐ.ಐ.ಟಿ. ರೂಪಿಸಿದ ಗಣಿತ ಮಾದರಿಯನ್ನು ಹವಾಮಾನ ಇಲಾಖೆ ಬಳಕೆಗೆ ತಂದಿತು.

ಆದರೆ ಒಂದು ತೊಡಕುಂಟು. ನಮ್ಮ ಸಮುದ್ರಗಳಲ್ಲಿ, ದಡದತ್ತ ಬರುವ ಬಿರುಗಾಳಿಯ ಬಲಗಡೆ ಗಾಳಿ ನೆಲದ ಕಡೆಗೂ ಎಡಗಡೆ ಕಡಲ ಕಡೆಗೂ ಬೀಸುತ್ತದೆ. ಬಿರುಗಾಳಿ 50 ಕಿಲೋಮೀಟರ್ ಆಚೀಚೆ ಸರಿದರೆ ಮುಳುಗುವ ಊರೇ ಬೇರೆಯಾದೀತು. ನಿತ್ಯದ ಭರತದ ವೇಳೆಗೇ ಬಂದರೆ ನೀರು ಇನ್ನೂ ಮೇಲೇರುತ್ತದೆ. ಆದ್ದರಿಂದ ಹಲವು ದಾರಿಗಳನ್ನು ಊಹಿಸಿ, ಪ್ರತಿಯೊಂದಕ್ಕೂ ಲೆಕ್ಕ ಹಾಕುವುದುಂಟು.

1999ರಲ್ಲಿ ಒಡಿಶಾದಲ್ಲಿ ಸುಮಾರು 10 ಸಾವಿರ ಜನರು ಸತ್ತರು. 2013ರ ಫೈಲಿನ್ ಚಂಡಮಾರುತಕ್ಕೆ ಮುನ್ನ ಸುಮಾರು 10 ಲಕ್ಷ ಜನರನ್ನು ತೆರವುಗೊಳಿಸಲಾಯಿತು. ಸತ್ತವರ ಸಂಖ್ಯೆ ನೂರನ್ನು ಮುಟ್ಟಲಿಲ್ಲ. ಲೆಕ್ಕ ಕಡಲನ್ನು ತಡೆಯಲಾರದು; ಜನರಿಗೆ ಎದ್ದು ಹೊರಡಲು ಹೊತ್ತು ಕೊಡಬಲ್ಲದು. ನೀವು ಕರಾವಳಿಯವರಾದರೆ, ಎಚ್ಚರಿಕೆಯ ವಾರ್ತೆಯಲ್ಲಿ ಗಾಳಿಯ ವೇಗದೊಡನೆ ನೀರಿನ ಎತ್ತರವನ್ನೂ ಗಮನವಿಟ್ಟು ಕೇಳಿರಿ.