ಕಾಳಿ ಅಳಿವೆಯಲ್ಲಿ ದೋಣಿ ಪಯಣ: ಹೊರಡುವ ಮೊದಲು ತಿಳಿದಿರಬೇಕಾದ್ದು

ನಾರ್ವೆಯ ಫಿಯರ್ಡುಗಳಲ್ಲಿ ಹಡಗು ಸಾಗುವ ಚಿತ್ರಗಳನ್ನು ಮೊಬೈಲಿನಲ್ಲಿ ನೋಡಿ "ನಾವೂ ಹೀಗೆ ಒಮ್ಮೆ ಹೋಗಬೇಕು" ಎನ್ನುವವರು ನಮ್ಮಲ್ಲಿ ಅನೇಕರಿದ್ದಾರೆ. ಅಷ್ಟು ದೂರ, ಅಷ್ಟು ಖರ್ಚು ಎಲ್ಲರಿಗೂ ಆಗದ ಮಾತು. ಬೆಟ್ಟದ ನಡುವಿನಿಂದ ಸಮುದ್ರ ಸೇರುವ ನೀರಿನ ಮೇಲೆ ತೇಲಬೇಕೆಂಬ ಆಸೆಯಾದರೆ ಕಾರವಾರ ನಮಗೆ ಒಂದು ಹಗಲಿನ ದಾರಿ.

ಮೊದಲು ಫಿಯರ್ಡು ಎಂದರೇನು ನೋಡೋಣ. ಹಿಮನದಿಗಳು ಸಾವಿರಾರು ವರ್ಷ ಬಂಡೆಯನ್ನು ಕೊರೆದು ಮಾಡಿದ ಕಣಿವೆಗಳಿಗೆ, ಹಿಮ ಕರಗಿದ ಮೇಲೆ ಸಮುದ್ರ ನುಗ್ಗಿತು. ಅದಕ್ಕೇ ಅವು ಅಷ್ಟು ಆಳ. ಸೋಗ್ನೆಫಿಯರ್ಡಿನ ಆಳ 1,300 ಮೀಟರಿಗೂ ಹೆಚ್ಚು. ದೊಡ್ಡ ಹಡಗು ದಡದ ಹತ್ತಿರವೇ ಹೋಗಬಲ್ಲದು. ಅಲ್ಲಿಯ ಹೆಸರುವಾಸಿ ಕರಾವಳಿ ಹಡಗು ಸೇವೆ 1893ರಲ್ಲಿ ಶುರುವಾದದ್ದು ಪ್ರವಾಸಿಗಳಿಗಾಗಿ ಅಲ್ಲ, ಟಪಾಲು, ಸಾಮಾನು, ಊರ ಜನರಿಗಾಗಿ. ಬರ್ಗನ್‌ನಿಂದ ಕಿರ್ಕೆನೆಸ್‌ವರೆಗೆ 34 ಬಂದರು. ನಮ್ಮ ಕಡೆ ಮುಂಬಯಿಯಿಂದ ರತ್ನಾಗಿರಿ, ವೆಂಗುರ್ಲಾ ಮೇಲೆ ಗೋವೆಗೆ ಹೋಗುತ್ತಿದ್ದ ಬೋಟುಗಳೂ ಹಾಗೆಯೇ ಇದ್ದವು. ಅವರದು ಉಳಿಯಿತು, ನಮ್ಮದು ನಿಂತಿತು.

ಕಾಳಿಯದು ಫಿಯರ್ಡಲ್ಲ, ಅಳಿವೆ. ಮರಾಠಿಯಲ್ಲಿ ಖಾಡಿ ಎನ್ನುತ್ತೇವಲ್ಲ, ಅದೇ. ಜೋಯಿಡಾ ಕಡೆಯ ಕಾಡಿನಲ್ಲಿ ಹುಟ್ಟಿದ ನದಿ ಕದ್ರಾ ದಾಟಿ, ಸದಾಶಿವಗಡದ ಬುಡದಲ್ಲಿ ಕಡಲು ಸೇರುತ್ತದೆ. ರವೀಂದ್ರನಾಥ ಠಾಕೂರರು ಯೌವನದಲ್ಲಿ, ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ, ಬೆಳದಿಂಗಳಲ್ಲಿ ಇದೇ ನದಿಯಲ್ಲಿ ದೋಣಿಯಲ್ಲಿ ಮೇಲಕ್ಕೆ ಹೋಗಿ ಬಂದದ್ದನ್ನು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಆಗ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯದಲ್ಲಿತ್ತು. ಗಡಿ ಎಂಬುದು ಎಷ್ಟು ಸಲ ಸರಿದಿದೆ ನೋಡಿ! ಮರಳುವಾಗ ಅವರು ಅಳಿವೆಯ ಬಳಿ ದೋಣಿ ಇಳಿದು, ಮರಳಿನ ಮೇಲೆ ನಡೆದೇ ಮನೆ ಸೇರಿದರಂತೆ.

ಆ ಅಳಿವೆಯ ಬಾಯಿಯೇ ನಾವು ಎಚ್ಚರ ವಹಿಸಬೇಕಾದ ಜಾಗ. ನೃಸಿಂಹವಾಡಿಯ ಸಂಗಮದಲ್ಲಿ ನಾವೆ ಹತ್ತಿದ ರೂಢಿ ನಮಗಿದೆ, ಆದರೆ ಕೃಷ್ಣೆಯ ನೀರು ಒಂದೇ ಕಡೆ ಹರಿಯುತ್ತದೆ. ಇಲ್ಲಿ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ, ನಮ್ಮ ಭರತಿ-ಓಹೋಟಿ. ಇಳಿತದ ಹೊತ್ತಿಗೆ ನದಿಯ ನೀರು ರಭಸದಿಂದ ಹೊರಗೆ ಹೋಗುತ್ತಿರುತ್ತದೆ, ಎದುರಿನಿಂದ ಕಡಲಿನ ಅಲೆ ಬರುತ್ತದೆ, ಕೆಳಗೆ ಮರಳಿನ ದಿಬ್ಬದಿಂದ ಆಳ ಕಡಿಮೆ. ಮೂರೂ ಸೇರಿದಲ್ಲಿ ಅಲೆ ಥಟ್ಟನೆ ಎದ್ದು ನಿಲ್ಲುತ್ತದೆ. ಒಳಗಿನ ನೀರು ಕನ್ನಡಿಯಂತೆ ಇದ್ದದ್ದನ್ನು ನೋಡಿ ಹೊರಗೂ ಹಾಗೇ ಎಂದುಕೊಳ್ಳಬಾರದು.

2019ರ ಜನವರಿ 21ರಂದು ಕಾರವಾರದ ಹೊರಗಿನ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಗೆ ಹೋಗಿದ್ದವರ ದೋಣಿ ಮಗುಚಿತು. ಹದಿನಾರು ಜನ ತೀರಿಕೊಂಡರು. ಅವರಲ್ಲಿ ನಮ್ಮ ಹಾಗೆ ಘಟ್ಟದ ಮೇಲಿನ ಜಿಲ್ಲೆಗಳವರೂ ಇದ್ದರು, ಮಕ್ಕಳೂ ಇದ್ದರು. ಇದನ್ನು ಹೆದರಿಸಲು ಬರೆಯುತ್ತಿಲ್ಲ. ಲೈಫ್ ಜಾಕೆಟ್ ದೋಣಿಯಲ್ಲಿದ್ದರೆ ಸಾಲದು, ಮೈಮೇಲಿರಬೇಕು. ಜನ ಹೆಚ್ಚಾದರೆ ನಾವೇ ಇಳಿದು ಮುಂದಿನ ದೋಣಿ ಕಾಯಬೇಕು. ಗುಂಪಿನಲ್ಲಿ ಹೋದಾಗ "ಎಲ್ಲರೂ ಒಟ್ಟಿಗೇ ಕೂರೋಣ" ಎನ್ನುವ ಹಟ ನಮ್ಮವರಿಗೆ ಜಾಸ್ತಿ. ಅದನ್ನು ಬಸ್ಸಿಗೆ ಇಟ್ಟುಕೊಳ್ಳೋಣ.

ಕಾಲವೂ ಮುಖ್ಯ. ನಾರ್ವೆಯಲ್ಲಿ ಬೆಚ್ಚನೆಯ ಸಾಗರ ಪ್ರವಾಹದಿಂದ ಚಳಿಗಾಲದಲ್ಲೂ ಆ ಕರಾವಳಿ ಹೆಪ್ಪುಗಟ್ಟುವುದಿಲ್ಲ, ಹಡಗು ವರ್ಷವಿಡೀ ಓಡುತ್ತದೆ. ನಮ್ಮಲ್ಲಿ ಮಳೆಗಾಲವೇ ಬಾಗಿಲು ಹಾಕುತ್ತದೆ. ಜೂನ್, ಜುಲೈನಲ್ಲಿ ಯಾಂತ್ರಿಕ ಮೀನುಗಾರಿಕೆಗೇ ನಿಷೇಧ. ನವೆಂಬರಿನಿಂದ ಫೆಬ್ರುವರಿಯವರೆಗೆ ಹಿತ.

ದಾನೋಳಿ, ಇಚಲಕರಂಜಿಯವರು ನಿಪ್ಪಾಣಿಯಲ್ಲಿ, ಗಡಹಿಂಗ್ಲಜದವರು ಸಂಕೇಶ್ವರದಲ್ಲಿ ಹೆದ್ದಾರಿ ಹಿಡಿಯಬಹುದು. ಬೆಳಗಾವಿ, ಖಾನಾಪುರ, ರಾಮನಗರ, ಜೋಯಿಡಾ ದಾಟಿ ಅಣಶಿ ಘಟ್ಟ ಇಳಿದರೆ ಕದ್ರಾ. ಅಲ್ಲಿಂದ ಮುಂದೆ ಕಾಳಿಯ ಜೊತೆಯಲ್ಲೇ ದಾರಿ. ಘಟ್ಟದ ತಿರುವುಗಳಲ್ಲಿ ವಾಂತಿಯಾಗುವವರು ಬೆಳಿಗ್ಗೆ ಹೊಟ್ಟೆ ತುಂಬ ತಿನ್ನದಿದ್ದರೆ ಒಳ್ಳೆಯದು. ಕಾರವಾರ ತಲುಪಿದ ಮೇಲೆ ಅಂದಿನ ಉಬ್ಬರದ ಹೊತ್ತನ್ನು ಅಲ್ಲಿಯ ಮೀನುಗಾರರನ್ನೇ ಕೇಳಿ, ಅದಕ್ಕೆ ತಕ್ಕಂತೆ ದೋಣಿಯ ಸಮಯ ಗೊತ್ತು ಮಾಡಿಕೊಳ್ಳಿ.