ದುರ್ಗದಬೈಲಿನ ಸೆಕೆಗೆ ಎಷ್ಟು ವ್ಯಾಟ್?

ಪ್ರಶ್ನೆ: ಮನೆಯಲ್ಲೇ ಜೋಡಿಸುವ ಕಂಪ್ಯೂಟರಿಗೆ ಎಂಥ ಪವರ್ ಸಪ್ಲೈ ಬೇಕು? ಹುಬ್ಬಳ್ಳಿಯ ಬೇಸಿಗೆಗೆ ನೀರಿನ ಕೂಲರ್ ಅನಿವಾರ್ಯವೇ?

ಉತ್ತರ: ಅನಿವಾರ್ಯವೇನಲ್ಲ. ದುರ್ಗದಬೈಲಿನ ಇಕ್ಕಟ್ಟಿನ ಗಲ್ಲಿಯ ಮಹಡಿ ಕೋಣೆ ಏಪ್ರಿಲ್ ಮಧ್ಯಾಹ್ನ 38 ಡಿಗ್ರಿ ಮುಟ್ಟಿದರೆ ಅಚ್ಚರಿಯಿಲ್ಲ. ಗಾಳಿಯದಿರಲಿ, ನೀರಿನದಿರಲಿ, ಮಾಮೂಲಿ ಕೂಲರ್ ಯಾವುದೂ ಚಿಪ್ಪನ್ನು ಕೋಣೆಗಿಂತ ತಂಪಾಗಿಸಲಾರದು. ಶಾಖವನ್ನು ಅಲ್ಲಿಂದ ಹೊತ್ತು ಕೋಣೆಗೇ ಸುರಿಯುತ್ತದೆ. ಹಾಗಾಗಿ ಮೊದಲ ಖರ್ಚು ಗಾಳಿಯಾಡುವ ಕ್ಯಾಬಿನೆಟ್ಟಿಗೆ: ಮುಂದೆ ಒಳಗೆಳೆಯುವ ಎರಡು ಫ್ಯಾನು, ಹಿಂದೆ ಹೊರದೂಡುವ ಒಂದು, ಜತೆಗೆ ತೊಳೆಯಬಹುದಾದ ಜಾಲರಿ. ಪೇಟೆಯ ಧೂಳು ಯಾರನ್ನೂ ಬಿಡುವುದಿಲ್ಲ.

ಇನ್ನು ವ್ಯಾಟಿನ ಲೆಕ್ಕ. ರೈಜನ್ 5 7600 ಪ್ರೊಸೆಸರ್ ಗರಿಷ್ಠ 88 ವ್ಯಾಟ್ ಎಳೆಯುತ್ತದೆ, ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡು 115. ಮದರ್‌ಬೋರ್ಡ್, ಡಿಸ್ಕ್, ಫ್ಯಾನುಗಳಿಗೆ 67 ಹಿಡಿದರೂ ಒಟ್ಟು 270. ಎನ್ವಿಡಿಯಾ ಈ ಕಾರ್ಡಿಗೆ ಸೂಚಿಸುವುದು 550 ವ್ಯಾಟಿನ ಸಪ್ಲೈ; ಅಂದರೆ ಅರ್ಧ ಹೊರೆ, ದಕ್ಷತೆಯೂ ಉತ್ತಮ. ‘850 ತಗೋರಿ ಸರ’ ಎನ್ನುವ ಅಂಗಡಿಯವರಿಗೆ ನಮಸ್ಕಾರ ಹೇಳಿ ಮುಂದೆ ಹೋಗಬಹುದು.

ವ್ಯಾಟಿಗಿಂತ ಗುಣಮಟ್ಟ ಮುಖ್ಯ. 2004ರಲ್ಲಿ ಶುರುವಾದ 80 ಪ್ಲಸ್ ಮುದ್ರೆಯ ‘ಗೋಲ್ಡ್’ ದರ್ಜೆಯಲ್ಲಿ ಅರ್ಧ ಹೊರೆಗೆ ದಕ್ಷತೆ ಸುಮಾರು ಶೇ 90. 270 ವ್ಯಾಟ್ ಕೊಡಲು ಗೋಡೆಯಿಂದ 300 ಎಳೆಯುತ್ತದೆ, ಉಳಿದ 30 ಬಿಸಿಯಾಗುತ್ತದೆ. ಆದರೆ ಮುದ್ರೆ ಅಳೆಯುವುದು ದಕ್ಷತೆಯನ್ನಷ್ಟೇ. ಅತಿ ವೋಲ್ಟೇಜ್, ಶಾರ್ಟ್ ಸರ್ಕ್ಯೂಟಿನಿಂದ ರಕ್ಷಣೆ ಇದೆಯೇ ಎಂದು ಬೇರೆಯಾಗಿ ನೋಡಬೇಕು.

ಕರೆಂಟು ಹೋಗಿ ಬರುವ ಓಣಿಯಾದರೆ ಯುಪಿಎಸ್ಸೂ ಬೇಕು. ಇಂದಿನ ಒಳ್ಳೆಯ ಸಪ್ಲೈಗಳಲ್ಲಿರುವ, ಪವರ್ ಫ್ಯಾಕ್ಟರ್ ತಿದ್ದುವ ಆಕ್ಟಿವ್ ಪಿಎಫ್‌ಸಿ, ಅಗ್ಗದ ಯುಪಿಎಸ್‌ನ ಒರಟು ಅಲೆಗೆ ಕೆಲವೊಮ್ಮೆ ಮುನಿದು ಯಂತ್ರವನ್ನೇ ಆರಿಸಿಬಿಡುತ್ತದೆ. ಶುದ್ಧ ಸೈನ್ ಅಲೆಯದಾದರೆ ಆ ಕಾಟವಿಲ್ಲ. ಮತ್ತೆ ಕೂಲರಿಗೆ ಬಂದರೆ, 7600 ಪ್ರೊಸೆಸರಿನ ಪೆಟ್ಟಿಗೆಯಲ್ಲೇ ಪುಟ್ಟ ಕೂಲರ್ ಬರುತ್ತದೆ. ಅದರ ಸದ್ದು ಕಿರಿಕಿರಿಯಾದರೆ 120 ಮಿಲಿಮೀಟರ್ ಫ್ಯಾನಿನ ಗೋಪುರ ಕೂಲರ್ ಸಾಕು.