ಹೂತ ಗಾಲಿ

ಗಾಲಿ ನೆಲದಲ್ಲಿ ಹೂತ ಪ್ರಸಂಗಗಳಲ್ಲಿ ಕರ್ಣನ ರಥದ ಪ್ರಸಂಗಕ್ಕಿಂತ ಪ್ರಸಿದ್ಧವಾದುದು ನಮ್ಮ ಸಾಹಿತ್ಯದಲ್ಲಿ ಇನ್ನೊಂದಿಲ್ಲ. ಶಾಪದ ಮಾತು ಹಾಗಿರಲಿ. ತರಗತಿಯಲ್ಲಿ ಆ ಭಾಗವನ್ನು ಪಾಠ ಹೇಳುವಾಗ ನನಗೆ ಹೊಳೆಯುವುದು ಒಂದು ಸಾಮಾನ್ಯ ಸಂಗತಿ. ವೀರನು ಎಂಥವನಾದರೂ, ಕುದುರೆಗಳು ಎಷ್ಟೇ ಜಾತಿವಂತವಾದರೂ, ನೆಲವು ಗಾಲಿಯನ್ನು ಹಿಡಿದರೆ ಸವಾರಿ ಅಲ್ಲಿಗೆ ನಿಂತಿತು. ಈ ಮಾತು ಕುರುಕ್ಷೇತ್ರಕ್ಕೆ ಎಷ್ಟು ನಿಜವೋ ಮಂಡ್ಯದ ಕಬ್ಬಿನ ಗದ್ದೆಗೂ, ಅರಬರ ಮರಳುಗಾಡಿಗೂ ಅಷ್ಟೇ ನಿಜ.

ಮಂಡ್ಯಕ್ಕೂ ಶ್ರೀರಂಗಪಟ್ಟಣಕ್ಕೂ ನಡುವೆ, ರೈಲುದಾರಿಯ ಮೇಲೆ ಯಲಿಯೂರು ಇದೆ. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪೆನಿ ಸ್ಥಾಪಿತವಾದ ಮೇಲೆ, ಈ ಸೀಮೆಯ ಗದ್ದೆಗಳಿಂದ ಕಾರ್ಖಾನೆಗೆ ಕಬ್ಬನ್ನು ಬಹುಕಾಲ ಸಾಗಿಸಿದುದು ಎತ್ತಿನ ಗಾಡಿಗಳೇ. ಮೊದಲು ಕಬ್ಬಿಣದ ಪಟ್ಟಿ ಬಿಗಿದ ಮರದ ಗಾಲಿ. ಅನಂತರ ರಬ್ಬರಿನ ಟೈರುಗಾಡಿ. ಈಗ ಬಹುಮಟ್ಟಿಗೆ ಟ್ರ್ಯಾಕ್ಟರು, ಲಾರಿ. ಕಿರಿದಾದ ಕಬ್ಬಿಣದ ಪಟ್ಟಿ ಹಸಿನೆಲವನ್ನು ಕೊಯ್ದು ಇಳಿಯುತ್ತಿತ್ತು. ಅಗಲವಾದ ಟೈರು ಅದೇ ಹೊರೆಯನ್ನು ಹರಡಿಕೊಂಡು ನೆಲದ ಮೇಲೆ ನಿಂತಿತು. ಒಂದು ವಿಜ್ಞಾನಪಾಠವನ್ನೇ ಈ ಸೀಮೆಯ ರೈತರು ಪುಸ್ತಕವಿಲ್ಲದೆ ಕಲಿತರು.

ಆ ಊರಿನವನಾದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಓಮಾನಿನಲ್ಲಿ ಕೆಲಸದಲ್ಲಿದ್ದಾನೆ. ಕಳೆದ ಬೇಸಗೆಯಲ್ಲಿ ರಜೆಗೆ ಬಂದಿದ್ದಾಗ ಅವನ ಮನೆಯ ಜಗುಲಿಯ ಮೇಲೆ ಮಾತು ನಡೆಯಿತು. ಅವನು ಹಳೆಯ ಪಿಕಪ್ ಟ್ರಕ್ಕೊಂದನ್ನು ಕೊಂಡು, ಷರ್ಕಿಯಾ ಮರಳುಗಾಡಿನಲ್ಲಿ ಓಡಿಸುವಂತೆ ಸಜ್ಜುಗೊಳಿಸಬೇಕೆಂದಿದ್ದನು. ಉಕ್ಕಿನ ದಪ್ಪ ಬಂಪರು, ರಾಟೆ, ಮಾಳಿಗೆಯ ಮೇಲೆ ಡೇರೆ, ಸಾಲು ದೀಪ ಎಂದು ಅವನ ಪಟ್ಟಿ ಬೆಳೆಯಿತು. ಬಹುಕಾಲ ಗಾಡಿ ಹೊಡೆದ ಅವನ ತಂದೆಯವರು ಎಲ್ಲವನ್ನೂ ಕೇಳಿ, "ಅಲ್ಲ ಕಣಪ್ಪ, ಅದ್ರ ಮ್ಯಾಲೆ ಎಷ್ಟು ಹೊರೆ ಹೇರ್ತೀಯೆ? ಹೂತ್ಕೊಂಡ್ರೆ ಎಳೆಯೋರು ಯಾರು?" ಎಂದರು. ಮಗನು ನಕ್ಕನು. ಆದರೆ ಈ ವಿಷಯವನ್ನು ಸ್ವಲ್ಪ ಓದಿ ನೋಡಿದಾಗ, ಮರುಭೂಮಿಯ ವಾಹನಶಾಸ್ತ್ರದ ಬಹುಭಾಗ ಈ ಎರಡು ಪ್ರಶ್ನೆಗಳಲ್ಲಿಯೇ ಅಡಗಿದೆಯೆಂದು ನನಗೆ ಕಂಡಿತು.

ಮೊದಲನೆಯದು ಹೊರೆಯ ಪ್ರಶ್ನೆ. ಪಿಕಪ್ಪಿಗೆ ಗಟ್ಟಿಯಾದ ಉಕ್ಕಿನ ಚೌಕಟ್ಟು, ನಾಲ್ಕು ಗಾಲಿಗಳಿಗೂ ಬಲ ಹೋಗುವ ಏರ್ಪಾಡು, ನಿಧಾನವಾಗಿ ಬಲವಾಗಿ ಎಳೆಯುವ ತಗ್ಗು ಗೇರು, ಹೊಟ್ಟೆ ನೆಲಕ್ಕೆ ತಾಗದಷ್ಟು ಎತ್ತರ, ಇವು ಬೇಕು. ಟೊಯೊಟಾ ಹೈಲಕ್ಸ್, ಇಸುಜು ಡಿ-ಮ್ಯಾಕ್ಸ್‌ಗಳಂಥ ಗಾಡಿಗಳಿಗೆ ಮರುಭೂಮಿಯ ದೇಶಗಳಲ್ಲಿ ಹೆಸರಿರುವುದು ಬಲದಿಂದ ಮಾತ್ರವಲ್ಲ. ಅವುಗಳ ಬಿಡಿಭಾಗವೂ ಅವುಗಳನ್ನು ಬಿಚ್ಚಿ ಜೋಡಿಸಬಲ್ಲ ಮೇಸ್ತ್ರಿಯೂ ಸಣ್ಣ ಊರಿನಲ್ಲಿಯೂ ಸಿಗುವುದರಿಂದ. ಕೊಳ್ಳುವವನು ಬಣ್ಣವನ್ನು ಬಿಟ್ಟು ಚೌಕಟ್ಟಿನ ತುಕ್ಕು, ಬೆಸುಗೆ, ಬಿರುಕುಗಳನ್ನು ನೋಡಬೇಕು. 200 ಲೀಟರ್ ನೀರೆಂದರೆ 200 ಕಿಲೋ. ಅದರ ಮೇಲೆ ಪೆಟ್ರೋಲು, ಬಂಪರು, ಡೇರೆ. ಭಾರವನ್ನು ಮಾಳಿಗೆಗೆ ಏರಿಸಿದರೆ ಮರಳದಿಬ್ಬದ ಓರೆಯಲ್ಲಿ ಗಾಡಿ ಮಗುಚುತ್ತದೆ. ಹಿಂದಕ್ಕೇ ಹೇರಿದರೆ ಮುಂದಿನ ಗಾಲಿಗಳ ಹಿಡಿತ ತಪ್ಪುತ್ತದೆ. ನಮ್ಮ ಗಾಡಿಯವರು ಇದಕ್ಕೆ ಮುಂಬಾರ, ಹಿಂಬಾರ ಎಂದು ಹೆಸರಿಟ್ಟಿದ್ದರು. ಮುಂಬಾರವಾದರೆ ಎತ್ತಿನ ಹೆಗಲು ಹುಣ್ಣಾಗುತ್ತದೆ. ಹಿಂಬಾರವಾದರೆ ನೊಗ ಮೇಲೇಳುತ್ತದೆ.

ಈ ವಿದ್ಯೆಯಲ್ಲಿ ಆಚಾರ್ಯನೆನ್ನಿಸಿಕೊಂಡವನು ರಾಲ್ಫ್ ಬ್ಯಾಗ್ನಾಲ್ಡ್ ಎಂಬ ಆಂಗ್ಲ ಸೈನ್ಯಾಧಿಕಾರಿ. ಅವನು 1920ರ ದಶಕದಲ್ಲಿಯೂ 30ರ ದಶಕದ ಆರಂಭದಲ್ಲಿಯೂ ಸಾಧಾರಣ ಫೋರ್ಡ್ ಕಾರುಗಳಲ್ಲಿ ಲಿಬಿಯದ ಮರುಭೂಮಿಯನ್ನು ಸುತ್ತಿದನು. 1940ರಲ್ಲಿ ಈಜಿಪ್ಟಿನಲ್ಲಿ ಅವನು ಕಟ್ಟಿದ ದಳವು ಷೆವರ್ಲೆ ಟ್ರಕ್ಕುಗಳನ್ನು ಆರಿಸಿಕೊಂಡಿತು. ಅವುಗಳಲ್ಲಿ ಬಲ ಹೋಗುತ್ತಿದ್ದುದು ಎರಡೇ ಗಾಲಿಗಳಿಗೆ. ಬ್ಯಾಗ್ನಾಲ್ಡ್ ಮಾಡಿದ ಮೊದಲ ಕೆಲಸ ಸೇರಿಸುವುದಲ್ಲ, ಕಳೆಯುವುದು: ಬಾಗಿಲು, ಮುಂಗಾಜುಗಳನ್ನು ತೆಗೆಸಿದನು. ಕುದಿಯುವ ರೇಡಿಯೇಟರಿನ ಹಬೆಯನ್ನು ಕೊಳವೆಯ ಮೂಲಕ ನೀರಿನ ಡಬ್ಬಿಗೆ ಹರಿಸಿ, ತಣ್ಣಗಾದಾಗ ಅದು ತಾನೇ ಹಿಂದಕ್ಕೆ ಸೇರುವಂತೆ ಮಾಡಿ, ಹನಿ ನೀರನ್ನೂ ಉಳಿಸಿದನು. ಹೂತ ಗಾಲಿಯ ಕೆಳಗೆ ಉದ್ದನೆಯ ಉಕ್ಕಿನ ಹಲಗೆಯಿಟ್ಟು ಮೇಲಕ್ಕೆ ತರುವ ಉಪಾಯವೂ ಅವನ ಪ್ರಯಾಣಗಳಿಂದಲೇ ಪ್ರಚಾರಕ್ಕೆ ಬಂದಿತು.

ಆದರೆ ಸಲಕರಣೆಗಳಲ್ಲೆಲ್ಲ ಶ್ರೇಷ್ಠವಾದುದು ದುಡ್ಡಿಲ್ಲದೆ ಸಿಗುವಂಥದು: ಟೈರಿನ ಗಾಳಿಯನ್ನು ಇಳಿಸುವುದು. ರಸ್ತೆಯ ಮೇಲೆ ಚದರ ಅಂಗುಲಕ್ಕೆ ಸುಮಾರು 35 ಪೌಂಡು ಇರುವ ಒತ್ತಡವನ್ನು ಮರಳಿನಲ್ಲಿ 15-18ಕ್ಕೆ ಇಳಿಸಿದರೆ, ಟೈರು ಚಪ್ಪಟೆಯಾಗಿ ಒಂಟೆಯ ಹೆಜ್ಜೆಯಂತೆ ನೆಲವನ್ನು ತುಳಿಯುತ್ತದೆ. ಹಾಗೆ ಇಳಿಸಿದಾಗ ರಭಸದಿಂದ ತಿರುಗಿಸಲಾಗದು, ಟೈರು ಕಳಚೀತು. ಮರಳಿ ರಸ್ತೆಗೆ ಬಂದಾಗ ಗಾಳಿ ತುಂಬದಿದ್ದರೆ ಕಾದು ಸಿಡಿದೀತು. ಆದುದರಿಂದ ಒತ್ತಡ ನೋಡುವ ಮಾಪಕ, ಗಾಳಿ ತುಂಬುವ ಯಂತ್ರ, ಸಲಿಕೆ, ಮರಳುಹಲಗೆ, ಮಿಣಿ, ಹೆಚ್ಚಿನ ಗಾಲಿ, ಜಾಕಿಯ ಕೆಳಗಿಡಲು ಅಗಲವಾದ ಮರದ ತುಂಡು, ಬೆಂಕಿ ಆರಿಸುವ ಸಾಧನ, ಔಷಧದ ಪೆಟ್ಟಿಗೆ, ಇಷ್ಟಾದ ಮೇಲೆ ಅಲಂಕಾರ.

ಇನ್ನು ಎರಡನೆಯ ಪ್ರಶ್ನೆ: ಎಳೆಯುವವರು ಯಾರು? ಗದ್ದೆಯಲ್ಲಿ ಗಾಡಿ ಹೂತರೆ ಕೂಗಿದಷ್ಟು ದೂರದಲ್ಲಿ ಇನ್ನೊಂದು ಜೊತೆ ಎತ್ತು ಇರುತ್ತಿತ್ತು. ಮರುಭೂಮಿಯಲ್ಲಿ ಕೂಗಿದರೆ ಕೇಳುವವರಿಲ್ಲ. ಅಲ್ಲಿ ಒಂದೇ ಗಾಡಿಯಲ್ಲಿ ಹೋಗಬಾರದು. ಹೋಗುವ ದಾರಿಯನ್ನೂ ಮರಳುವ ಹೊತ್ತನ್ನೂ ಊರಿನಲ್ಲಿ ಒಬ್ಬರಿಗೆ ಹೇಳಿ ಹೋಗಬೇಕು. ಗಾಲಿ ಹೂತಾಗ ಯಂತ್ರವನ್ನು ರೇಗಿಸಿದಷ್ಟೂ ಅದು ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ; ಇಳಿದು, ಸಲಿಕೆ ಹಿಡಿಯುವುದೇ ವಿವೇಕ. ಕುಡಿಯಲು ಒಬ್ಬನಿಗೆ ದಿನಕ್ಕೆ ಕಡಮೆಯೆಂದರೂ ಐದಾರು ಲೀಟರ್ ನೀರು, ಯೋಜಿಸಿದುದಕ್ಕಿಂತ ಎರಡು ಮೂರು ದಿನಕ್ಕೆ ಹೆಚ್ಚಾಗಿಯೇ ಇರಬೇಕು. ಎಲ್ಲಕ್ಕಿಂತ ಕಠಿನವಾದ ನಿಯಮ, ಕೆಟ್ಟುನಿಂತ ಗಾಡಿಯನ್ನು ಬಿಟ್ಟು ನಡೆದುಹೋಗದಿರುವುದು. ಹುಡುಕುವವರ ಕಣ್ಣಿಗೆ ಗಾಡಿ ಬೀಳುತ್ತದೆ, ಮನುಷ್ಯನು ಬೀಳುವುದಿಲ್ಲ. ಬಿಸಿಲಿನಲ್ಲಿ ನೆರಳೂ ಅದೇ.

ನನ್ನ ವಿದ್ಯಾರ್ಥಿಯು ರಜೆ ಮುಗಿಸಿ ಹೋದ ಮೇಲೆ ಬರೆದ ಕಾಗದದಲ್ಲಿ, ಬಂಪರು ರಾಟೆಗಳನ್ನು ಕೈಬಿಟ್ಟು ಒಳ್ಳೆಯ ಟೈರುಗಳನ್ನು ಕೊಂಡೆನೆಂದೂ, ಗೆಳೆಯನ ಗಾಡಿ ಜೊತೆಗಿಲ್ಲದೆ ಮರಳಿಗೆ ಇಳಿಯುವುದಿಲ್ಲವೆಂದೂ ತಿಳಿಸಿದ್ದನು. ನನಗೆ ಸಮಾಧಾನವಾಯಿತು.

ಆದರೆ ಉಪಾಧ್ಯಾಯರಲ್ಲಿ ಬಿನ್ನವಿಸಬೇಕಾದ ಮಾತೊಂದುಂಟು. ನಮ್ಮ ವಚನಕಾರರು ಬಂಡಿಯ ಕಡೆಗೀಲನ್ನು ಉಪಮೆಯಾಗಿ ಬಳಸಿದ್ದಾರೆ. ಇಂದು ನನ್ನ ತರಗತಿಯಲ್ಲಿ ಕಡೆಗೀಲೆಂದರೇನೆಂದು ಕೇಳಿದರೆ ಮಂಡ್ಯದ ಹಳ್ಳಿಗಳಿಂದ ಬಂದ ಮಕ್ಕಳೂ ಸುಮ್ಮನಿರುತ್ತಾರೆ. ಮೂಕಿ, ಅಚ್ಚು, ಕಡಾಣಿ, ಕೀಲೆಣ್ಣೆ, ಮುಂಬಾರ, ಹಿಂಬಾರ ಇವು ಬರಿಯ ಪದಗಳಲ್ಲ. ಹೊರೆಯನ್ನೂ ನೆಲವನ್ನೂ ತಿಳಿದವರ ತಿಳಿವಳಿಕೆ. ಅದನ್ನು ಬಲ್ಲ ಹಿರಿಯರು ಇನ್ನೂ ಕೆಲವರು ಜಗುಲಿಗಳ ಮೇಲಿದ್ದಾರೆ. ಮುಂದಿನ ರಜೆಯಲ್ಲಿ ವಿದ್ಯಾರ್ಥಿಗಳನ್ನು ಅವರ ಬಳಿಗೆ ಬರೆಯುವ ಪುಸ್ತಕದೊಡನೆ ಕಳುಹಿಸಿದರೆ ಒಳ್ಳೆಯದಲ್ಲವೆ?